ಒಂದೆಲಗ ಕಂಡರೆ ನಗೋದ್ಯಾಕೆ?

ಗೋಣಿಕೊಪ್ಪಲಿನ ನಿವೃತ್ತ ಟೀಚರ್ ಒಬ್ಬರ ಪತ್ರ: "ಬೋರ್ಡಿನ ಮುಂದೆ ನಿಂತು ನಿಂತು ಮೀನಖಂಡದ ನರ ಉಬ್ಬಿವೆ, ಸಂಜೆಯಾದರೆ ಪಾದ ಊದುತ್ತದೆ. ಒಂದೆಲಗ ತಿನ್ನುತ್ತೇನೆ ಅಂದಿದ್ದಕ್ಕೆ ಡಾಕ್ಟರ್ ನಕ್ಕರು, ಬಿಗಿ ಕಾಲುಚೀಲ ಹಾಕಿ ಅಂದರು. ಸೊಪ್ಪಿಗೆ ವಿಜ್ಞಾನದ ಆಧಾರ ಇದೆಯಾ?"

ಇದೆ ಟೀಚರೇ. ಡಾಕ್ಟರ್ ಕಡೆಯ ಮಾತು ಮೊದಲು ಮುಗಿಸಿಬಿಡುತ್ತೇನೆ: ಕಾಲುಚೀಲ ಒಳ್ಳೆಯದು, ಹಾಕಿಕೊಳ್ಳಿ. ಒಂದೇ ಕಾಲು ದಿಢೀರನೆ ಊದಿ ನೋವು ಬಂದರೆ ಸೊಪ್ಪು ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಆಯ್ತಾ?

1987ರಲ್ಲಿ ಫ್ರಾನ್ಸಿನ ವೈದ್ಯರು ಇದೇ ತೊಂದರೆಯ 94 ಜನರನ್ನು ಎರಡು ತಿಂಗಳು ಪರೀಕ್ಷಿಸಿದರು. ಕೆಲವರಿಗೆ ದಿನಕ್ಕೆ 120 ಮಿಲಿಗ್ರಾಂ ಒಂದೆಲಗದ ಸಾರ, ಕೆಲವರಿಗೆ 60, ಉಳಿದವರಿಗೆ ಹುಸಿ ಮಾತ್ರೆ. ಯಾರಿಗೆ ಯಾವುದು ಅಂತ ಕೊಟ್ಟವರಿಗೂ ಗೊತ್ತಿಲ್ಲ, ನುಂಗಿದವರಿಗೂ ಗೊತ್ತಿಲ್ಲ. ಕಾಲಿನ ಭಾರ, ಊತ ಎರಡರಲ್ಲೂ ಸೊಪ್ಪಿನವರೇ ಮೇಲು. ಇನ್ನು ಇದೇ ತೊಂದರೆಗೆ ಕೊಡುವ ಯುರೋಪಿನ ಹಾರ್ಸ್ ಚೆಸ್ಟ್‌ನಟ್ ಬೀಜದ ಸಾರ: 1996ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 240 ಜನರ ಲೆಕ್ಕ ಬಂತು. 12 ವಾರದಲ್ಲಿ ಕಾಲಿನ ಊತ ಬೀಜದಿಂದ ಸುಮಾರು 44 ಮಿಲಿಲೀಟರ್ ಇಳಿಯಿತು, ಕಾಲುಚೀಲದಿಂದ 47. ನಿಮ್ಮ ಡಾಕ್ಟರಿಗೆ ಇದನ್ನು ಓದಿ ಹೇಳಿ! (ಹಸಿ ಬೀಜ ಮಾತ್ರ ವಿಷ, ಜೋಪಾನ.)

ಉಬ್ಬಿದ ನರ ಮಾಯವಾಗುತ್ತದೆ ಅಂತ ಯಾರೂ ಹೇಳಿಲ್ಲ. ಅಲ್ಲಿ ಕೊಟ್ಟಿದ್ದು ಅಳೆದ ಸಾರ, ನಮ್ಮ ಚಟ್ನಿಯಲ್ಲ. ಲಿವರ್ ತೊಂದರೆ ಇದ್ದರೆ ಆ ಮಾತ್ರೆಗಳ ತಂಟೆಗೂ ಹೋಗಬೇಡಿ. ಒಂದೆಲಗದ ಪರೀಕ್ಷೆಗಳು ಚಿಕ್ಕವು ಅಂತೀರಾ? ಚಿಕ್ಕವೇ. ದೊಡ್ಡದು ಮಾಡೋರು ಯಾರು? ಕಾಫಿಗೆ ಚೆಟ್ಟಳ್ಳಿಯ ಸಂಶೋಧನಾ ಕೇಂದ್ರ ಇದೆ, ಏಲಕ್ಕಿಗೆ ಅಪ್ಪಂಗಳದ್ದು ಇದೆ. ಗದ್ದೆ ಬದುವಿನಲ್ಲಿ ಪುಕ್ಕಟೆ ಹಬ್ಬೋ ಸೊಪ್ಪಿಗೆ ದಿಕ್ಕಿಲ್ಲ. ನಮ್ಮ ಅಜ್ಜಿ ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆಯಲ್ಲಿ ಬದುವಿಗೆ ಬಗ್ಗಿ ಬೇರು ಸಮೇತ ಕಿತ್ತು, ಕೆಸರು ತೊಳೆದು, ಕಾಯಿ, ಕಾಳುಮೆಣಸು ಹಾಕಿ ಅರೆಯುತ್ತಿದ್ದರು. ಈಗ ನಾವು? ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪು ಅನ್ನೋ ಇನ್ನೊಂದು ಗಿಡದ ನೇರಳೆ ಪಾಯಸದ ಫೋಟೋ ಹಾಕುತ್ತೇವೆ, ಮಾರನೇ ದಿನ ಅದೇ ಬದುವಿಗೆ ಕಳೆನಾಶಕ. ಗದ್ದೆ ಪಾಳು ಬಿಡೋದು, ಮಣ್ಣು ತುಂಬಿಸಿ ಹೋಂಸ್ಟೇ ಕಟ್ಟೋದು, ಆಮೇಲೆ ಅದೇ ಎಲೆಯ ಕ್ಯಾಪ್ಸೂಲ್ ವಿದೇಶದಿಂದ ತರಿಸೋದು. ಚೆನ್ನಾಗಿದೆ ಅಲ್ವಾ?

ಅಂದ ಹಾಗೆ ಟೀಚರೇ, ನಿಮ್ಮ ಬದುವಿಗೆ ಏನು ಹೊಡೆಸುತ್ತೀರಿ ಅಂತ ಬರೆದೇ ಇಲ್ಲ. ಕಳೆನಾಶಕ ಹೊಡೆಸಿದ್ದರೆ ಅಲ್ಲಿಯ ಸೊಪ್ಪು ಮುಟ್ಟಬೇಡಿ. ಬಚ್ಚಲ ಹಿಂದೆ ನೆರಳಲ್ಲಿ ನಾಲ್ಕು ಬುಡ ನೆಟ್ಟುಕೊಳ್ಳಿ, ಅಷ್ಟು ಸಾಕು.