ಮೊಟ್ಟೆಯ ಬಿಳಿ ತೋರಿಸಿ ಮೆದುಳು ಎನ್ನಬೇಡಿ

ನಮಸ್ಕಾರ. ನಿಮ್ಮ ವಿಜ್ಞಾನ ಕೂಟದ 12–14 ವರ್ಷದ ಮಕ್ಕಳಿಗೆ ಮದ್ಯದ ಬಗ್ಗೆ ಒಂದು ತರಗತಿ ಮಾಡಬೇಕು, ಮೊಟ್ಟೆಯ ಬಿಳಿಗೆ ಸ್ಪಿರಿಟ್ ಸುರಿದು ‘ಕುಡಿದರೆ ಮೆದುಳಿಗೂ ಹೀಗೇ ಆಗುತ್ತದೆ’ ಎಂದು ತೋರಿಸಿದರೆ ಸಾಕೇ ಎಂದು ಕೇಳಿದ್ದೀರಿ. ಉತ್ತರ ಉದ್ದವಾಗುತ್ತದೆ, ಬೇಸರಿಸಬೇಡಿ. ಇದೇ ಪ್ರಯೋಗ ಮಾಡಿ ಮಕ್ಕಳ ಮುಂದೆ ಪೆಚ್ಚಾದವನು ನಾನು.

ಆ ದಿನ ಶುರುವಿನಲ್ಲಿ ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಗಾಜಿನ ಲೋಟದಲ್ಲಿ ಮೊಟ್ಟೆಯ ಬಿಳಿ, ಅದರ ಮೇಲೆ ಶೇ 70ರಷ್ಟು ಮದ್ಯಸಾರವಿರುವ ಸ್ಪಿರಿಟ್. ಮೊದಲು ಅಂಚಿನಲ್ಲಿ ದಾರದಷ್ಟು ತೆಳ್ಳನೆಯ ಬಿಳಿ ಎಳೆ, ಆಮೇಲೆ ಮೋಡ ಕವಿದಂತೆ ಮಬ್ಬು, ಸ್ವಲ್ಪ ಹೊತ್ತಿಗೆ ಒಲೆಯ ಮುಖವನ್ನೇ ಕಾಣದ ಮೊಟ್ಟೆ ಬೆಂದಂತೆ ಕುಳಿತಿತ್ತು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ‘ಕುಡಿಯುವವರ ಮೆದುಳೂ ಇಷ್ಟೇ’ ಎಂದೆ ಗಂಭೀರವಾಗಿ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. ‘ಸರ್, ರಕ್ತದಲ್ಲಿಯೂ ಶೇ 70 ಇರುತ್ತದೆಯೇ?’

ಇರುವುದಿಲ್ಲ. ರಕ್ತದಲ್ಲಿ ಮದ್ಯಸಾರ ಶೇ 0.05 ಆಗುವಷ್ಟರಲ್ಲೇ ವಿವೇಚನೆ ಮಂಕಾಗುತ್ತದೆ, ಶೇ 0.3–0.4 ಮುಟ್ಟಿದರೆ ಉಸಿರಾಟವೇ ನಿಲ್ಲಬಹುದು. ಮೆದುಳು ಮೊಟ್ಟೆಯಂತೆ ಬೇಯಲು ಬೇಕಾದ ಪ್ರಮಾಣಕ್ಕೆ ಹೋಗುವ ಎಷ್ಟೋ ಮೊದಲೇ ಮನುಷ್ಯ ಬದುಕಿರುವುದಿಲ್ಲ. ತಪ್ಪನ್ನು ಒಪ್ಪಿಕೊಂಡೆ. ಆದರೆ ಅಲ್ಲಿಂದ ಮುಂದೆ ನಾನು ಹೇಳಿದ ನಿಜಗಳನ್ನೂ ಅವರು ಅರ್ಧ ನಂಬಿಕೆಯಿಂದಲೇ ಕೇಳಿದರು. ‘ಒಂದು ಗುಟುಕಿಗೆ ಬದುಕೇ ನಾಶ’ ಎಂದರೂ ಇದೇ ಗತಿ. ಕುಡಿದು ಮರುದಿನ ಕೆಲಸಕ್ಕೆ ಹೋಗುವವರೊಬ್ಬರನ್ನಾದರೂ ಈ ಮಕ್ಕಳು ನೋಡಿಯೇ ಇರುತ್ತಾರೆ. ಆದ್ದರಿಂದ ಮೊಟ್ಟೆಯ ಪ್ರಯೋಗವನ್ನು ಮಾಡಿ, ಆದರೆ ಸ್ಪಿರಿಟ್ ರೋಗಾಣುಗಳನ್ನು ಹೇಗೆ ಕೊಲ್ಲುತ್ತದೆ ಎಂದು ತೋರಿಸಲು ಮಾತ್ರ. ಮೊಟ್ಟೆಯ ಬಿಳಿಯಲ್ಲಿರುವಂತೆ ರೋಗಾಣುಗಳಲ್ಲೂ ಇರುವ ಪ್ರೋಟೀನಿನ ಮಡಿಕೆ ಬಿಚ್ಚಿಹೋಗುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಮದ್ಯದ ಪಾಠಕ್ಕೆ ನಾನು ಈಗ ಬಳಸುವುದು ಒಂದು ಬೋಗುಣಿ, ಒಂದು ಚಮಚ. ಒಬ್ಬ ಹುಡುಗ ಯಕೃತ್ತು. ಹತ್ತು ಎಣಿಸಿದಾಗೊಮ್ಮೆ ಬೋಗುಣಿಯಿಂದ ಒಂದು ಚಮಚ ನೀರನ್ನು ತೆಗೆದು ಹೊರಗೆ ಹಾಕಬೇಕು, ಅದಕ್ಕಿಂತ ಬೇಗ ಕೂಡದು. ಇನ್ನೊಬ್ಬಳು ಮನಸ್ಸು ಬಂದಾಗಲೆಲ್ಲ ಅರ್ಧ ಲೋಟ ಸುರಿಯುತ್ತಾಳೆ. ಎರಡೇ ನಿಮಿಷದಲ್ಲಿ ಬೋಗುಣಿ ತುಂಬುತ್ತದೆ, ಉಳಿದವರು ‘ಬೇಗ, ಬೇಗ!’ ಎಂದು ಕೂಗುತ್ತಾರೆ, ಚಮಚ ಹಿಡಿದವನು ಅಳುವುದೊಂದೇ ಬಾಕಿ. ಆಗ ಕೇಳಿ: ‘ಇವನಿಗೆ ಕಾಫಿ ಕೊಟ್ಟರೆ? ತಲೆಗೆ ತಣ್ಣೀರು ಸುರಿದರೆ?’ ಚಮಚದ ಗಾತ್ರ ಬದಲಾಗುವುದಿಲ್ಲ ಎಂದು ಅವರೇ ಹೇಳುತ್ತಾರೆ. ಆರೋಗ್ಯವಂತ ವಯಸ್ಕರ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನು ಒಡೆಯುತ್ತದೆ. ಅದಕ್ಕಿಂತ ಹೆಚ್ಚಾದದ್ದು ರಕ್ತದಲ್ಲಿ ಸುತ್ತುತ್ತಾ ಸರದಿ ಕಾಯುತ್ತದೆ.

ಲೆಕ್ಕವನ್ನೂ ಮಕ್ಕಳಿಂದಲೇ ಮಾಡಿಸಿ. ಎಷ್ಟು ಮಿಲಿಲೀಟರ್, ಅದರಲ್ಲಿ ಶೇಕಡಾ ಎಷ್ಟು ಮದ್ಯಸಾರ, ಅದನ್ನು 0.79ರಿಂದ (ಒಂದು ಮಿಲಿಲೀಟರ್ ಮದ್ಯಸಾರದ ತೂಕ ಅಷ್ಟು ಗ್ರಾಂ) ಗುಣಿಸಿದರೆ ಗ್ರಾಂ ಸಿಗುತ್ತದೆ. ಶೇ 5ರ ಬಿಯರ್ 330 ಮಿಲಿಲೀಟರ್ ಎಂದರೆ 13 ಗ್ರಾಂ. ಶೇ 12ರ ವೈನ್ 150 ಮಿಲಿಲೀಟರಿಗೆ 14 ಗ್ರಾಂ. ಶೇ 40ರ ವಿಸ್ಕಿ 30 ಮಿಲಿಲೀಟರಿಗೆ ಒಂಬತ್ತೂವರೆ ಗ್ರಾಂ. ‘ಬಿಯರ್ ಮದ್ಯವೇ ಅಲ್ಲ’ ಎಂಬ ಮಾತು ಇಲ್ಲಿಗೆ ಮುಗಿಯುತ್ತದೆ, ನೀವು ವಾದಿಸಬೇಕಾಗಿಲ್ಲ. ಲೆಕ್ಕವನ್ನು ಕಪ್ಪುಹಲಗೆಯ ಮೇಲೆಯೇ ಮಾಡಿ. ಖಾಲಿ ಬಾಟಲಿಗಳನ್ನು ತಂದು ಸಾಲಾಗಿ ಇಟ್ಟರೆ ಪಾಠಕ್ಕಿಂತ ಬಾಟಲಿಯ ಅಂದವೇ ನೆನಪಿನಲ್ಲಿ ಉಳಿಯುತ್ತದೆ.

ಯಕೃತ್ತು ಮದ್ಯಸಾರವನ್ನು ಒಡೆಯುವಾಗ ನಡುವೆ ಅಸೆಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಅದು ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಸಂದೇಹವಿಲ್ಲದ ಗುಂಪಿಗೆ ಸೇರಿಸಿತು. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ: ಪಟ್ಟಿ ಸಣ್ಣದಲ್ಲ. ಆದರೂ 13ರ ಹುಡುಗನಿಗೆ ಐವತ್ತರ ವಯಸ್ಸಿನ ಕ್ಯಾನ್ಸರ್ ಬೇರೆ ಯಾರದೋ ಕಥೆ. ಒಂದು ಮಾತು ಹೇಳಿ ಮುಂದೆ ಹೋಗಿ.

ಅವರು ಕಿವಿಗೊಟ್ಟು ಕೇಳುವುದು ಮೆದುಳಿನ ವಿಷಯವನ್ನು. ಮುಂದಾಲೋಚನೆ ಮಾಡುವ, ‘ತಡೆ’ ಎನ್ನುವ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಹತ್ತಿರ ಬರಬೇಕು. ಮದ್ಯ ಮೊದಲು ಮಂಕಾಗಿಸುವುದು ಈ ತಡೆಯನ್ನೇ, ಹರೆಯದಲ್ಲಿ ಅದು ಮೊದಲೇ ಅರೆಬಲಿತದ್ದು. ಹರೆಯದ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿ ಕಂಡಿದೆ. ದೊಡ್ಡ ಇಲಿಗಳಿಗೆ ಜೊಂಪು ಹತ್ತಿಸುವಷ್ಟು ಮದ್ಯಸಾರ ಕೊಟ್ಟರೂ ಹರೆಯದ ಇಲಿಗಳು ಅಷ್ಟು ಬೇಗ ಮಲಗುವುದಿಲ್ಲ. ‘ನನಗೇನೂ ಆಗಿಲ್ಲ’ ಎಂದು ಹರೆಯದವರಿಗೆ ಅನ್ನಿಸುವುದು ಶಕ್ತಿಯ ಗುರುತಲ್ಲ, ಎಚ್ಚರಿಕೆಯ ಗಂಟೆ ತಡವಾಗಿ ಬಾರಿಸುತ್ತಿದೆ ಎಂದು ವಿವರಿಸಿ.

ಅಮೆರಿಕದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, 15 ತುಂಬುವ ಮೊದಲೇ ಕುಡಿಯತೊಡಗಿದವರಲ್ಲಿ ಸುಮಾರು ಶೇ 40 ಮಂದಿ ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಮದ್ಯಕ್ಕೆ ದಾಸರಾಗಿದ್ದರು. ಇಪ್ಪತ್ತರವರೆಗೆ ತಡೆದವರಲ್ಲಿ ಇದು ಸುಮಾರು ಶೇ 10. ಬೇಗ ಶುರುಮಾಡಿದ್ದೊಂದೇ ಕಾರಣ ಎಂದು ಇದರಿಂದ ಹೇಳಲಾಗದು, ಕಷ್ಟದಲ್ಲಿರುವ ಮಕ್ಕಳೇ ಬೇಗ ಕುಡಿಯತೊಡಗುವುದೂ ಉಂಟು. ಈ ಮಾತನ್ನೂ ಮಕ್ಕಳಿಗೆ ಹೇಳಿ. ಲೆಕ್ಕದ ಮಿತಿಯನ್ನು ನೀವೇ ತೋರಿಸಿದರೆ ಉಳಿದದ್ದನ್ನು ನಂಬುತ್ತಾರೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಹತ್ತು ನಿಮಿಷ. ಬೇರೇನನ್ನು ಬಿಟ್ಟರೂ ಇದನ್ನು ಬಿಡಬೇಡಿ. ಜೊತೆಯವನೊಬ್ಬ ಕುಡಿದು ಬಿದ್ದಿದ್ದಾನೆ, ಎಬ್ಬಿಸಿದರೆ ಏಳುತ್ತಿಲ್ಲ, ಉಸಿರು ನಿಧಾನವಾಗಿದೆ, ತುಟಿ ನೀಲಿಯಾಗಿದೆ. ಏನು ಮಾಡಬೇಕು? ನಾನು ಕೇಳಿದಾಗಲೆಲ್ಲ ಬರುವ ಮೊದಲ ಉತ್ತರ: ‘ಮಲಗಲು ಬಿಡಬೇಕು.’ ಜೀವ ಹೋಗುವುದು ಹೀಗೆಯೇ. ಹೊಟ್ಟೆಯಲ್ಲಿ ಉಳಿದ ಮದ್ಯ ಇನ್ನೂ ರಕ್ತಕ್ಕೆ ಸೇರುತ್ತಿರುತ್ತದೆ, ಅಂಗಾತ ಮಲಗಿದವನ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ. ಒಂದು ಮಗುವನ್ನು ನೆಲದ ಮೇಲೆ ಮಲಗಿಸಿ, ಮಗ್ಗುಲಿಗೆ ಹೊರಳಿಸುವುದನ್ನು ಎಲ್ಲರ ಕೈಯಲ್ಲೂ ಮಾಡಿಸಿ: ಮೇಲಿನ ಮೊಣಕಾಲು ಮಡಿಸಿ ಮುಂದಕ್ಕೆ, ಕೈ ಕೆನ್ನೆಯ ಕೆಳಗೆ, ಬಾಯಿ ನೆಲದ ಕಡೆಗೆ. ಬಲವಂತವಾಗಿ ವಾಂತಿ ಮಾಡಿಸಬಾರದು, ಏನನ್ನೂ ಕುಡಿಸಬಾರದು, ಒಬ್ಬನನ್ನೇ ಬಿಟ್ಟು ಹೋಗಬಾರದು. ಆಂಬುಲೆನ್ಸ್ ಕರೆಯಬೇಕು, ಹತ್ತಿರದ ದೊಡ್ಡವರೊಬ್ಬರನ್ನು ಕೂಗಬೇಕು. ಬೈಗುಳದ ಹೆದರಿಕೆಯಿಂದ ಮಕ್ಕಳು ಇದನ್ನೇ ತಡಮಾಡುತ್ತಾರೆ. ‘ಆ ರಾತ್ರಿ ಫೋನ್ ಮಾಡಿದರೆ ಯಾರೂ ಬೈಯುವುದಿಲ್ಲ’ ಎಂದು ಹೆತ್ತವರಿಂದ ಮೊದಲೇ ಮಾತು ಪಡೆದುಕೊಳ್ಳಿ.

ಒಂದು ಎಚ್ಚರಿಕೆ. ‘ಯಾರ ಮನೆಯಲ್ಲಿ ಕುಡಿಯುತ್ತಾರೆ, ಕೈ ಎತ್ತಿ’ ಎಂದು ದಯವಿಟ್ಟು ಕೇಳಬೇಡಿ. ಕೈ ಎತ್ತದೆ ತಲೆ ತಗ್ಗಿಸಿ ಕುಳಿತ ಮಗುವಿಗೆ ಆ ಗಂಟೆ ಶಿಕ್ಷೆಯಾಗುತ್ತದೆ. ಹೆಸರಿಲ್ಲದ ಚೀಟಿಗಳಿಗೆ ಒಂದು ರಟ್ಟಿನ ಡಬ್ಬ ಇಡಿ. ಎಲ್ಲರೂ ಏನಾದರೂ ಬರೆದು ಹಾಕಲೇಬೇಕು, ಖಾಲಿ ಚೀಟಿಯಾದರೂ ಸರಿ. ಆಗ ಯಾರು ಬರೆದರು ಎಂದು ಗೊತ್ತಾಗುವುದಿಲ್ಲ. ನನಗೆ ಒಮ್ಮೆ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ನಾನು ಚೆನ್ನಾಗಿ ಓದಿದರೆ ಅಪ್ಪ ನಿಲ್ಲಿಸುತ್ತಾರಾ?’ ಅದು ಮಗುವಿನ ತಪ್ಪಿನಿಂದ ಶುರುವಾದದ್ದಲ್ಲ, ಮಗು ನಿಲ್ಲಿಸಬಲ್ಲದ್ದೂ ಅಲ್ಲ, ಅದಕ್ಕೆ ವೈದ್ಯರಿದ್ದಾರೆ ಎಂದು ಇಡೀ ತರಗತಿಗೆ ಹೇಳಿದೆ. ಮಾತನಾಡಬೇಕೆನಿಸಿದವರು ಆಮೇಲೆ ನನ್ನ ಬಳಿ ಬರಬಹುದು ಎಂದೂ ಸೇರಿಸಿದೆ. ನೀವೂ ಇಂಥ ಉತ್ತರವನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ, ಆ ಕ್ಷಣದಲ್ಲಿ ಮಾತು ಹೊರಡುವುದಿಲ್ಲ.

ಒಂದೇ ತರಗತಿಯಿಂದ ಏನಾಗುತ್ತದೆ ಎಂದೂ ಕೇಳಿದ್ದಿರಿ. ಹೆಚ್ಚೇನೂ ಆಗುವುದಿಲ್ಲ. ಐಸ್‌ಲ್ಯಾಂಡಿನಲ್ಲಿ ಹಿಂದಿನ ತಿಂಗಳು ಅಮಲೇರುವಷ್ಟು ಕುಡಿದಿದ್ದ 15–16 ವಯಸ್ಸಿನವರು 1998ರಲ್ಲಿ ಶೇ 42 ಇದ್ದರು, 2016ಕ್ಕೆ ಶೇ 5ಕ್ಕೆ ಇಳಿದರು. ಅಲ್ಲಿ ಭಾಷಣಕ್ಕಿಂತ ಆಟ, ಸಂಗೀತ, ಹವ್ಯಾಸ ಕೂಟಗಳಿಗೆ ಮತ್ತು ಹೆತ್ತವರು ಮಕ್ಕಳೊಡನೆ ಕಳೆಯುವ ಹೊತ್ತಿಗೆ ಒತ್ತು ಕೊಟ್ಟರು. ವಾರವಾರವೂ ನೀವು ನಡೆಸುತ್ತಿರುವ ಕೂಟ ಆ ಕೆಲಸವನ್ನು ಆಗಲೇ ಮಾಡುತ್ತಿದೆ.

ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುತ್ತಾ, ಹೊರಬಿಡುವ ಅನಿಲದಿಂದ ಬಾಟಲಿಯ ಬಾಯಿಗೆ ಕಟ್ಟಿದ ಬಲೂನನ್ನು ಉಬ್ಬಿಸುವ ಪ್ರಯೋಗವನ್ನೂ ಸೇರಿಸುವುದಾದರೆ ಉಗುರುಬೆಚ್ಚಗಿನ ನೀರು ಬಳಸಿ, ಬಾಟಲಿಯನ್ನು ತರಗತಿಗೆ ಮುಕ್ಕಾಲು ಗಂಟೆ ಮೊದಲೇ ಸಿದ್ಧಮಾಡಿ. ಇಲ್ಲದಿದ್ದರೆ ಬಲೂನು ಉಬ್ಬಿ ನಿಲ್ಲುವಷ್ಟರಲ್ಲಿ ಮಕ್ಕಳು ಮನೆಗೆ ಹೊರಟಿರುತ್ತಾರೆ. ಮುಗಿದ ಮೇಲೆ ಆ ನೀರನ್ನು ಯಾರೂ ರುಚಿ ನೋಡದಂತೆ ನೀವೇ ಚೆಲ್ಲಿ. ಸ್ಪಿರಿಟ್ ಬಾಟಲಿಗೆ ಮುಚ್ಚಳ ಹಾಕಿ, ಬೆಂಕಿಯಿಂದ ದೂರ, ನಿಮ್ಮ ಚೀಲದಲ್ಲೇ ಇಟ್ಟುಕೊಳ್ಳಿ.