ನೆರಳು ಕೇಳುವ ಗಿಡ

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 34 ವರ್ಷ. ಹಾಸನದ ಒಂದು ಬ್ಯಾಂಕಿನಲ್ಲಿ ಕ್ಯಾಷ್ ಕೌಂಟರಿನಲ್ಲಿ ಕೂರುತ್ತೇನೆ. ಊರು ಸಕಲೇಶಪುರದ ಕಡೆ. ಅಪ್ಪನಿಗೆ ಅಲ್ಲಿ ನಾಲ್ಕು ಎಕರೆ ಕಾಫಿ ತೋಟ ಇದೆ. ನನ್ನ ಸಮಸ್ಯೆ ಹೇಳಿಕೊಳ್ಳೋಕೂ ನಾಚಿಕೆ. ಸಣ್ಣಪುಟ್ಟದ್ದೂ ನನಗೆ ಜಾಸ್ತಿ ನಾಟುತ್ತೆ. ನೋಟು ಎಣಿಸುವ ಮೆಷಿನ್ ಸದ್ದು, ತಲೆ ಮೇಲೆ ಮಿಣುಕುವ ಟ್ಯೂಬ್‌ಲೈಟು, ಕಿಟಕಿಯಾಚೆ ನಾಲ್ಕು ಜನ ಒಟ್ಟಿಗೇ ಮಾತಾಡೋದು. ಸಂಜೆ ಹೊತ್ತಿಗೆ ತಲೆ ಕಾದ ಹೆಂಚಿನ ಹಾಗಾಗಿರುತ್ತೆ. ಮನೆಗೆ ಬಂದರೆ ಟಿವಿ, ಕುಕ್ಕರ್ ಸೀಟಿ. ಯಾರಾದರೂ ಒಂದು ಮಾತು ಗದರಿದರೆ ಮೂರು ದಿನ ಅದೇ ತಲೆಯಲ್ಲಿ. ದೊಡ್ಡಪ್ಪ ತೀರಿಕೊಂಡಾಗ ಎಲ್ಲರೆದುರು ಅತ್ತುಬಿಟ್ಟೆ. ಭಾವ 'ಹೆಂಗಸಿನ ಥರ' ಅಂತ ನಕ್ಕರು.

ಹೋದ ಸಲ ಹಾಸನಾಂಬೆ ದರ್ಶನಕ್ಕೆ ಹೋಗಿದ್ದೆವು. ನೂಕುನುಗ್ಗಲು, ಮೈಕು. ಆರು ವರ್ಷದ ಮಗಳು ಎರಡೂ ಕಿವಿ ಮುಚ್ಚಿಕೊಂಡು ಅಳೋಕೆ ಶುರು ಮಾಡಿದಳು. ನನಗೂ ಉಸಿರು ಕಟ್ಟಿದ ಹಾಗಾಯ್ತು. ಸಾಲು ಬಿಟ್ಟು ಹೊರಗೆ ಬಂದೆವು. 'ವರ್ಷಕ್ಕೊಂದೇ ಸಲ ಬಾಗಿಲು ತೆಗೆಯೋದು, ಅದನ್ನೂ ಕಳ್ಕೊಂಡ್ರಿ' ಅಂತ ಅಮ್ಮ ಇವತ್ತಿಗೂ ಆಡುತ್ತಾರೆ. 'ಅಪ್ಪನ ಥರಾನೇ ಅಳುಮುಂಜಿ' ಅಂತ ಅತ್ತೆ ಮಗುವಿಗೆ ಹೇಳ್ತಾರೆ. ನನ್ನದು ಹೇಗೋ ಆಯ್ತು. ಮಗಳು ನನ್ನ ಹಾಗಾಗಬಾರದು. ಇದು ಕಾಯಿಲೆಯಾ? ಗಟ್ಟಿಯಾಗೋದು ಹೇಗೆ?
(ಹೆಸರು ಬೇಡ, ಹಾಸನ)

ಉತ್ತರ: ನಿಮ್ಮ ಕಾಗದ ಎರಡು ಸಲ ಓದಿದೆ. 'ನನ್ನದು ಹೇಗೋ ಆಯ್ತು' ಅನ್ನೋ ಕಡೆ ಎರಡೂ ಸಲ ನಿಂತೆ. 34ಕ್ಕೇ ಹಾಗೆ ಹೇಳಬೇಡಿ.

ಕಾಯಿಲೆಯಾ ಅಂತ ಕೇಳಿದ್ದೀರಿ. ಕಾಯಿಲೆಯಲ್ಲ. ಅಮೆರಿಕದ ಮನಃಶಾಸ್ತ್ರಜ್ಞೆ ಎಲೇನ್ ಆರನ್ 1990ರ ದಶಕದಲ್ಲಿ ನಿಮ್ಮಂಥವರನ್ನೇ ಕೂರಿಸಿಕೊಂಡು ಮಾತಾಡಿಸಿದರು. ಆಕೆಯೂ ಅಂಥವರೇ. 1997ರಲ್ಲಿ ಗಂಡ ಆರ್ಥರ್ ಆರನ್ ಜೊತೆ ಸೇರಿ ಅದರ ಬಗ್ಗೆ ಸಂಶೋಧನಾ ಲೇಖನ ಪ್ರಕಟಿಸಿದರು. ಈ ಸ್ವಭಾವದವರಿಗೆ 'ಹೈಲಿ ಸೆನ್ಸಿಟಿವ್ ಪರ್ಸನ್' ಅನ್ನುತ್ತಾರೆ. ನಾವು ಮೊದಲಿಂದ 'ಸೂಕ್ಷ್ಮ ಮನಸ್ಸಿನವರು' ಅಂತೀವಲ್ಲ, ಅದೇ. ನೂರಕ್ಕೆ 15ರಿಂದ 20 ಜನ ಹೀಗಿರುತ್ತಾರೆ ಅನ್ನೋದು ಆಕೆಯ ಅಂದಾಜು. ಆಮೇಲಿನ ಸಂಶೋಧಕರು ನೂರಕ್ಕೆ 30ರ ತನಕವೂ ಹೇಳುತ್ತಾರೆ. ಗಂಡಸರಲ್ಲಿ ಕಡಿಮೆ, ಹೆಂಗಸರಲ್ಲಿ ಜಾಸ್ತಿ ಅಂತೇನಿಲ್ಲ, ಹುಟ್ಟುವಾಗ ಇಬ್ಬರೂ ಒಂದೇ ಅನ್ನುತ್ತಾರೆ ಆರನ್. ನಿಮ್ಮ ಭಾವನಿಗೆ ಇದನ್ನು ಹೇಳಬೇಕು ಅಂತ ನನಗೆ ತುಂಬಾ ಆಸೆ. ಸತ್ತವರಿಗಾಗಿ ಅಳೋದರಲ್ಲಿ ನಗೋಂಥದ್ದು ಏನಿದೆ?

ಆಕೆ 27 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದಾರೆ. ಜೋರು ಸದ್ದು, ಕಣ್ಣು ಕುಕ್ಕುವ ಬೆಳಕು, ಗಾಢ ವಾಸನೆ ತಡೆಯೋಕೆ ಕಷ್ಟವಾಗುತ್ತಾ? ಬೇರೆಯವರ ಮುಖ ಬಾಡಿದರೆ ನಿಮಗೂ ತಟ್ಟುತ್ತಾ? ಕೆಲಸ ಜಾಸ್ತಿಯಾದ ದಿನ ಕತ್ತಲೆ ಕೋಣೆಗೆ ಹೋಗಿ ಒಬ್ಬರೇ ಇರಬೇಕು ಅನ್ನಿಸುತ್ತಾ? ಸಂಗೀತ, ಚಿತ್ರ ಮನಸ್ಸನ್ನು ಆಳವಾಗಿ ಕಲಕುತ್ತಾ? ಅದರಲ್ಲಿ ಕೆಫೀನ್ ಬಗ್ಗೆಯೂ ಒಂದು ಪ್ರಶ್ನೆ ಇದೆ. ಕಾಫಿ ಕುಡಿದರೆ ನಿಮಗೆ ಬೇರೆಯವರಿಗಿಂತ ಜಾಸ್ತಿ ಹತ್ತುತ್ತಾ ಅಂತ. ನೀವು ಕಾಫಿ ತೋಟದ ಮನೆಯವರು, ದಿನಕ್ಕೆ ಎಷ್ಟು ಲೋಟ ಅಂತ ಬರೆದಿಲ್ಲ. ಮಧ್ಯಾಹ್ನ ಊಟದ ಮೇಲಿನದ್ದನ್ನು ಎರಡು ವಾರ ಬಿಟ್ಟು ನೋಡಿ.

ಸೂಕ್ಷ್ಮ ಮನಸ್ಸು ಕಂಡಿದ್ದನ್ನೆಲ್ಲ ಒಳಗೆ ತಗೊಂಡು ಮೆಲುಕು ಹಾಕುತ್ತದೆ, ದನ ಮಲಗಿ ಮೆಲುಕು ಹಾಕುವ ಹಾಗೆ. ಪಕ್ಕದವರು ಕೇಳಿ ಬಿಟ್ಟುಬಿಡುವ ಮಾತನ್ನು ನೀವು ಮೂರು ದಿನ ಅಗಿಯೋದು ಅದಕ್ಕೇ. ಅಷ್ಟು ಕೆಲಸ ಮಾಡುವ ಮನಸ್ಸಿಗೆ ದಣಿವೂ ಬೇಗ. ಅದಕ್ಕೆ ನಾಚಿಕೆ ಯಾಕೆ?

ನನ್ನದೂ ಸ್ವಲ್ಪ ಹೇಳುತ್ತೇನೆ. ನಾನು ಮೂಡಿಗೆರೆ ಕಡೆಯವಳು. ಶಾಲೆಯಲ್ಲಿ ಬೇರೆ ಮಕ್ಕಳಿಗೆ ಬೆತ್ತದ ಏಟು ಬಿದ್ದರೆ ನನಗೆ ಅಳು ಬರುತ್ತಿತ್ತು. ಮೇಷ್ಟ್ರು ನನಗೆ 'ಮುಟ್ಟಿದರೆ ಮುನಿ' ಅಂತ ಹೆಸರಿಟ್ಟರು. ಏಳನೇ ಕ್ಲಾಸಿನ ತನಕ ಎಲ್ಲರೂ ಹಾಗೇ ಕರೆದರು. ಆ ಹೆಸರು ಕೇಳಿದರೆ ಈಗಲೂ ಹೊಟ್ಟೆಯೊಳಗೆ ಏನೋ ಹಿಂಡುತ್ತದೆ. ನಿಮ್ಮ ಅತ್ತೆಯ 'ಅಳುಮುಂಜಿ' ಓದಿದಾಗ ನನಗೆ ಅದೇ ನೆನಪಾಯಿತು.

ಆಮೇಲೆ ನಾನೇ ಟೀಚರ್ ಆದೆ. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟೆ. ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಹಾಜರಿ ಕೂಗಿದ ತಕ್ಷಣ 'ಎಸ್ ಮಿಸ್' ಅನ್ನುವವನು. ಒಂದು ಸೋಮವಾರ ಅವನ 'ಎಸ್ ಮಿಸ್' ಒಂದು ಕ್ಷಣ ತಡವಾಗಿ ಬಂತು. ದನಿ ಅದೇ, ಸುಮ್ನೆ ತಡ ಅಷ್ಟೇ. ಮಂಗಳವಾರವೂ ಹಾಗೇ. ಬುಧವಾರ ಹತ್ತಿರ ಕರೆದೆ. ಕೈ ಹಿಂದೆ ಕಟ್ಟಿಕೊಂಡು ನಿಂತ. ತೋರಿಸು ಅಂದೆ. ಬಲಗೈಯ ಎರಡು ಬೆರಳ ತುದಿಯಲ್ಲಿ ಸುಟ್ಟ ಗುಳ್ಳೆ. ಅಪ್ಪ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು, ಅಮ್ಮ ಅವರ ಜೊತೆ. ಇವನು ಬೆಳಿಗ್ಗೆ ಐದಕ್ಕೆ ಎದ್ದು ಅಕ್ಕಿ ರೊಟ್ಟಿ ತಟ್ಟಿ, ತಂಗಿಗೆ ತಿನ್ನಿಸಿ, ತಾನು ತಿನ್ನದೆ ಶಾಲೆಗೆ ಬರುತ್ತಿದ್ದ. ಆ ದಿನದಿಂದ ಅವರಿಬ್ಬರಿಗೂ ತಿಂಡಿ ನಮ್ಮ ಮನೆಯಲ್ಲಿ ಆಯಿತು. ಸ್ಟಾಫ್ ರೂಮಿನಲ್ಲಿ ಇನ್ನೂ ಎಂಟು ಜನ ಟೀಚರ್‌ಗಳಿದ್ದರು, ಎಲ್ಲರೂ ಒಳ್ಳೆಯವರೇ. ಆದರೆ ಆ ಒಂದು ಕ್ಷಣದ ತಡ ಯಾರಿಗೂ ಕೇಳಿಸಿರಲಿಲ್ಲ. ನನಗೆ ಕೇಳಿಸಿತ್ತು. ನಾನು ಗಟ್ಟಿಯಾಗಿಬಿಟ್ಟಿದ್ದರೆ ನನಗೂ ಕೇಳಿಸುತ್ತಿರಲಿಲ್ಲ.

ಗಟ್ಟಿಯಾಗೋದು ಹೇಗೆ ಅನ್ನೋದನ್ನು ಬಿಡಿ. ನಿಮ್ಮ ಅಪ್ಪನನ್ನು ಬೇರೆ ಒಂದು ಪ್ರಶ್ನೆ ಕೇಳಿ. ಅರೇಬಿಕಾ ಕಾಫಿ ಗಿಡಕ್ಕೆ ನೆರಳು ಯಾಕೆ ಬೇಕು ಅಂತ. ರೋಬಸ್ಟಾ ಸ್ವಲ್ಪ ಬಿಸಿಲು ತಡೆಯುತ್ತದೆ. ಅರೇಬಿಕಾಕ್ಕೆ ಮೇಲೆ ಹಾಲುವಾಣ, ಸಿಲ್ವರ್ ಓಕ್ ಮರದ ನೆರಳು ಬೇಕು. ಬಿಸಿಲು ನೇರ ಬಿದ್ದರೆ ಕಾಂಡಕೊರಕ ಹುಳು ಹತ್ತುತ್ತದೆ. ಹಾಗಂತ ಯಾವ ಬೆಳೆಗಾರನೂ ಗಿಡದ ಎದುರು ನಿಂತು 'ನೀನು ಗಟ್ಟಿಯಾಗು' ಅನ್ನಲ್ಲ. ನೆರಳು ಕೊಡುತ್ತಾನೆ. ಅದೇ ಗಿಡ ಬೇಸಿಗೆಯಲ್ಲಿ ಒಂದು ಇಂಚು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಮೈತುಂಬ ಬೆಳ್ಳಗೆ ಅರಳುತ್ತದೆ. ಆ ಪರಿಮಳ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಮನಸ್ಸೂ ಹಾಗೇ. ಬಿಸಿಲು ಬೇಗ ತಟ್ಟುತ್ತದೆ, ಮಳೆಯೂ ಬೇಗ ತಟ್ಟುತ್ತದೆ.

ಈಗ ನಿಮ್ಮ ನೆರಳಿನ ವಿಷಯ. ಬ್ಯಾಂಕಿನಿಂದ ನೇರ ಮನೆಗೆ ಹೋಗಬೇಡಿ. ಮಹಾರಾಜ ಪಾರ್ಕಿನಲ್ಲಿ ಒಂದು ಮರದ ಕೆಳಗೆ 20 ನಿಮಿಷ ಕೂರಿ. ಫೋನು ಜೇಬಿನಲ್ಲಿರಲಿ. ಹೆಂಡತಿಗೆ ಮುಚ್ಚಿಡಬೇಡಿ, 'ತಲೆ ತಣ್ಣಗಾದ ಮೇಲೆ ಬರ್ತೀನಿ, ಬಂದ ಮೇಲೆ ಪೂರ್ತಿ ನಿಮ್ಮ ಜೊತೆ ಇರ್ತೀನಿ' ಅಂತ ಹೇಳಿಬಿಡಿ. ಆ ಮಿಣುಕುವ ಟ್ಯೂಬ್‌ಲೈಟ್ ಬಗ್ಗೆ ಎಷ್ಟು ತಿಂಗಳಿಂದ ಸುಮ್ಮನಿದ್ದೀರಿ? ನಾಳೆಯೇ ಮ್ಯಾನೇಜರಿಗೆ ಹೇಳಿ ಬೇರೆ ಹಾಕಿಸಿ. ಅದು ಎಲ್ಲರ ಕಣ್ಣಿಗೂ ಹಿಂಸೆ, ಬಾಯಿಬಿಟ್ಟು ಹೇಳುವವರು ನೀವಾಗಿ.

ಆದರೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರೋದು, ಯಾಕೆ ಮಾಡಿಸುತ್ತಾರೆ ಅನ್ನೋದೂ ನಿಮಗೆ ಗೊತ್ತು. ನೆರಳು ಜಾಸ್ತಿಯಾದರೆ ಮಳೆಗಾಲದಲ್ಲಿ ಕೊಳೆರೋಗ, ಫಸಲೂ ಇಲ್ಲ. ಮದುವೆ, ನೆಂಟರು, ಜಾತ್ರೆ ಎಲ್ಲವನ್ನೂ ತಪ್ಪಿಸಿಕೊಳ್ಳುತ್ತಾ ಹೋದರೆ ಮನಸ್ಸಿಗೂ ಹಾಗೇ ಆಗುತ್ತದೆ. ಮದುವೆಗೆ ಹೋಗಿ. ಮುಹೂರ್ತಕ್ಕೆ ಹೋಗಿ, ಊಟ ಮಾಡಿ, ಆರ್ಕೆಸ್ಟ್ರಾ ಶುರುವಾಗೋಕೆ ಮುಂಚೆ ಹೊರಡಿ.

ಮಗಳ ವಿಷಯಕ್ಕೆ ಬರುತ್ತೇನೆ. ಅವಳು ನಿಮ್ಮ ಹಾಗೇ ಇರಬಹುದು. 2020ರಲ್ಲಿ ಬ್ರಿಟನ್ನಿನ ಅವಳಿ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ, ಒಬ್ಬರಿಗೂ ಇನ್ನೊಬ್ಬರಿಗೂ ಸೂಕ್ಷ್ಮತೆಯಲ್ಲಿರುವ ವ್ಯತ್ಯಾಸದ ಹೆಚ್ಚುಕಮ್ಮಿ ಅರ್ಧ ಭಾಗ ವಂಶವಾಹಿಯಿಂದ ಬರುತ್ತದೆ ಅಂತ ಕಂಡಿತು. ಉಳಿದರ್ಧ ಬೆಳೆಯುವ ವಾತಾವರಣ. ಅಲ್ಲಿ ನಿಮ್ಮ ಕೈ ಇದೆ. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನಗೆ ತುಂಬಾ ಇಷ್ಟ. ಲಂಡನ್ನಿನ ಬಡ ಬಡಾವಣೆಯ ಶಾಲೆಯಲ್ಲಿ 11 ವರ್ಷದ ಹುಡುಗಿಯರಿಗೆ ಮನಸ್ಸು ಕುಗ್ಗದ ಹಾಗೆ ನೋಡಿಕೊಳ್ಳೋದನ್ನು ಕಲಿಸಿದರು. ಎಲ್ಲರಿಗೂ ಒಂದೇ ಪಾಠ. ವರ್ಷದ ನಂತರ ನೋಡಿದಾಗ ಗುಣ ಕಂಡಿದ್ದು ಸೂಕ್ಷ್ಮ ಸ್ವಭಾವದ ಹುಡುಗಿಯರಲ್ಲಿ. ಉಳಿದವರಲ್ಲಿ ವ್ಯತ್ಯಾಸವೇ ಆಗಿರಲಿಲ್ಲ. ಅಂದರೆ ನೀವು ಕೊಡುವ ಒಂದು ಒಳ್ಳೆ ಮಾತು ಅವಳಿಗೆ ಬೇರೆ ಮಕ್ಕಳಿಗಿಂತ ಜಾಸ್ತಿ ಸೇರುತ್ತದೆ.

ಅತ್ತೆಯವರ ಜೊತೆ ಜಗಳ ಬೇಡ. ಮಗು ಇಲ್ಲದಾಗ 'ಅಮ್ಮಾ, ಆ ಒಂದು ಹೆಸರು ಮಾತ್ರ ಬೇಡ' ಅಂತ ಕೇಳಿಕೊಳ್ಳಿ. ಹಾಸನಾಂಬೆ ಬಾಗಿಲು ಮತ್ತೆ ತೆರೆಯುತ್ತದೆ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋಗಿ. ಹಿಂದಿನ ದಿನವೇ ಮಗಳಿಗೆ ಹೇಳಿ: ಜನ ತುಂಬಾ ಇರ್ತಾರೆ, ಮೈಕ್ ಇರುತ್ತೆ, ನಿನ್ನನ್ನು ಎತ್ಕೊಂಡಿರ್ತೀನಿ, ಕಿವಿ ಮುಚ್ಕೋಬೇಕು ಅನ್ನಿಸಿದರೆ ಮುಚ್ಕೋ. ಮುಂದೇನು ಅಂತ ಗೊತ್ತಿದ್ದರೆ ಇಂಥ ಮಕ್ಕಳಿಗೆ ಅರ್ಧ ಭಯ ಹೋಗುತ್ತದೆ. ಆದರೂ ಆಗಲಿಲ್ಲ ಅಂದರೆ ಹೊರಗೆ ಬನ್ನಿ. ತಾಯಿ ಕೋಪ ಮಾಡಿಕೊಳ್ಳಲ್ಲ.

ಅದಕ್ಕೂ ಮುಂಚೆ ಒಂದು ಬೆಳಿಗ್ಗೆ ಅವಳನ್ನು ಬೇಲೂರಿಗೆ ಕರೆದುಕೊಂಡು ಹೋಗಿ, ಬಸ್ಸುಗಳು ಬಂದು ತುಂಬುವ ಮುಂಚೆ. 1117ರ ಚೆನ್ನಕೇಶವ ದೇವಸ್ಥಾನದಲ್ಲಿ ಒಬ್ಬಳು ಮದನಿಕೆಯ ತಲೆ ಮೇಲಿನ ಬಳ್ಳಿಯಲ್ಲಿ ಒಂದು ಹಣ್ಣಿದೆ. ಹಣ್ಣಿನ ಮೇಲೆ ಕಲ್ಲಿನ ನೊಣ, ಅದನ್ನು ಹಿಡಿಯೋಕೆ ಹೊಂಚು ಹಾಕಿದ ಹಲ್ಲಿ. ಎಲ್ಲಿದೆ ಅಂತ ಹೇಳಬೇಡಿ, ಅವಳೇ ಹುಡುಕಲಿ. ನೊಣವನ್ನೂ ಬಿಡದೆ ಕಂಡು ಕೆತ್ತಿದವನ ಕಣ್ಣು ಎಂಥದ್ದಿರಬೇಕು ಅಂತ ಇಬ್ಬರೂ ಮಾತಾಡಿಕೊಳ್ಳಿ.

ಒಂದು ಎಚ್ಚರ. ಸೂಕ್ಷ್ಮ ಸ್ವಭಾವ ಬೇರೆ, ಖಿನ್ನತೆ ಬೇರೆ. ಎರಡು ವಾರ ನಿದ್ದೆ ಸರಿಯಿಲ್ಲ, ಊಟ ಸೇರಲ್ಲ, ಇಷ್ಟವಾಗಿದ್ದೂ ಬೇಡ ಅನ್ನಿಸಿದರೆ, ಅಥವಾ ಸಾಲಿನಲ್ಲಿ ಆದ ಹಾಗೆ ಉಸಿರು ಕಟ್ಟುವುದು ಪದೇ ಪದೇ ಆದರೆ, ಮನೋವೈದ್ಯರನ್ನು ನೋಡಿ. ಅದಕ್ಕೆ ಚಿಕಿತ್ಸೆ ಇದೆ.

ಪ್ರಶ್ನೆ: ನಾನು ಡಿಗ್ರಿ ಓದುತ್ತಿದ್ದೇನೆ. ಗೆಳತಿಯರೆಲ್ಲ ತಮ್ಮ ಕಷ್ಟ ನನ್ನ ಹತ್ತಿರವೇ ಹೇಳ್ತಾರೆ. ಕೇಳಿ ಕೇಳಿ ನನಗೇ ಜ್ವರ ಬಂದ ಹಾಗಾಗುತ್ತೆ. ವಾಟ್ಸಾಪ್ ಗ್ರೂಪಿನಲ್ಲಿ ಬರೋ ಅಪಘಾತದ ವಿಡಿಯೊ ನೋಡಿದರೆ ರಾತ್ರಿ ನಿದ್ದೆ ಇಲ್ಲ. ಬೇಡ ಅನ್ನೋಕೆ ಬಾಯಿ ಬರಲ್ಲ.
(ವಿದ್ಯಾರ್ಥಿನಿ, ಚಿಕ್ಕಮಗಳೂರು)

ಉತ್ತರ: ವಿಡಿಯೊದ್ದು ಸುಲಭ ಮಗಳೇ. ವಾಟ್ಸಾಪಿನ ಸೆಟ್ಟಿಂಗಿನಲ್ಲಿ ತಾನಾಗಿ ಡೌನ್‌ಲೋಡ್ ಆಗೋದನ್ನು ನಿಲ್ಲಿಸಿ. ಯಾರದೋ ಮನೆಯವರ ಸಾವನ್ನು ನೋಡಲೇಬೇಕಾದ ಹಂಗು ನಿಮಗಿಲ್ಲ.

ಗೆಳತಿಯರದ್ದು ಕಷ್ಟ. ನಿಮ್ಮ ಹತ್ತಿರ ಬರೋದು ನೀವು ನಿಜವಾಗಿ ಕೇಳಿಸಿಕೊಳ್ಳುತ್ತೀರಿ ಅಂತ. ಅದನ್ನು ಉಳಿಸಿಕೊಳ್ಳಬೇಕಾದರೆ ಹೊತ್ತು ಗೊತ್ತು ಇಡಬೇಕು. ರಾತ್ರಿ ಹತ್ತಕ್ಕೆ ಫೋನ್ ಬಂದರೆ 'ಈಗ ಆಗಲ್ಲ ಕಣೇ, ನಾಳೆ ಕಾಲೇಜು ಬಿಟ್ಟ ಮೇಲೆ ಕೂತು ಮಾತಾಡೋಣ' ಅನ್ನಿ. ಮೊದಲ ಸಲ ಎದೆ ಹೊಡೆದುಕೊಳ್ಳುತ್ತದೆ. ಹೇಳಿ ನೋಡಿ, ಅವರು ನಾಳೆ ಬರುತ್ತಾರೆ. ಮಾತು ಮುಗಿದ ಮೇಲೆ ಒಬ್ಬರೇ ಸ್ವಲ್ಪ ದೂರ ನಡೆದು ಮನೆಗೆ ಹೋಗಿ.

ಒಂದಕ್ಕೆ ಮಾತ್ರ ಹೊತ್ತು ನೋಡಬೇಡಿ. ಯಾರಾದರೂ ಸಾಯುವ ಮಾತಾಡಿದರೆ ಅದನ್ನು ಒಬ್ಬರೇ ಹೊರಬೇಡಿ. 'ಯಾರಿಗೂ ಹೇಳಬೇಡ' ಅಂತ ಆಣೆ ಹಾಕಿಸಿಕೊಂಡಿದ್ದರೂ ಸರಿ, ಆ ಕೂಡಲೇ ದೊಡ್ಡವರಿಗೆ ತಿಳಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ನನ್ನ ಯಜಮಾನರು ಏನಂದರೂ ಮನಸ್ಸಿಗೆ ಹಚ್ಚಿಕೊಳ್ತಾರೆ. ಸಾರಿಗೆ ಉಪ್ಪು ತರೋಕೆ ಮರೆತಿರಿ ಅಂದರೂ ಮುಖ ಸಣ್ಣದು. ಏನೂ ಹೇಳಲೇಬಾರದಾ?
(ಗೃಹಿಣಿ, ಕಡೂರು)

ಉತ್ತರ: ಹೇಳಬೇಕು. ಹೇಳದೆ ಇಟ್ಟುಕೊಂಡರೂ ಅವರಿಗೆ ನಿಮ್ಮ ಮುಖ ನೋಡಿ ಗೊತ್ತಾಗುತ್ತದೆ, ಆಗ ಇನ್ನೂ ಕಷ್ಟ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಬೇಡ. ಮಕ್ಕಳ ಎದುರು, ನಿಮ್ಮ ತವರಿನವರ ಎದುರು ಬೇಡವೇ ಬೇಡ. 'ಯಾವಾಗಲೂ ನಿಮ್ಮದು ಇದೇ' ಅನ್ನೋ ಮಾತು ಬಿಟ್ಟು, ಆ ಹೊತ್ತಿನ ಉಪ್ಪಿನ ಮಾತಷ್ಟೇ ಆಡಿ. ಒಂದೇ ಸಲ ಹೇಳಿ, ಇಂಥವರಿಗೆ ಎರಡನೇ ಸಲ ಬೇಕಾಗಲ್ಲ. ಚೆನ್ನಾಗಿ ಮಾಡಿದ್ದನ್ನೂ ಬಾಯಿಬಿಟ್ಟು ಹೇಳಿ. ಇವತ್ತು ರಾತ್ರಿ ಊಟ ಆದ ಮೇಲೆ, ಟಿವಿ ಆರಿಸಿ, ಪಕ್ಕದಲ್ಲಿ ಕೂತು ಅದರಿಂದಲೇ ಶುರು ಮಾಡಿ.