ಅಪ್ಪಂಗೆ ಮರೆವು ಜಾಸ್ತಿ ಆಗಿದೆ, ಬ್ರಾಹ್ಮಿ ಕ್ಯಾಪ್ಸೂಲ್ ಕೊಡ್ಲಾ ಗಿಂಕ್ಗೋ ಕೊಡ್ಲಾ?

ಅಪ್ಪಂಗೆ 68, ಸ್ಟೆಂಟ್ ಹಾಕಿದಾರೆ, ದಿನಾ ಎಕೋಸ್ಪ್ರಿನ್, ಶುಗರ್‌ಗೆ ತುಂಬಾ ವರ್ಷದಿಂದ ಮೆಟ್‌ಫಾರ್ಮಿನ್ ಅಂತ ಬರೆದಿದೀರಲ್ಲ, ಅಷ್ಟು ಓದಿದ್ರೇ ಗೊತ್ತಾಗತ್ತೆ, ಗಿಂಕ್ಗೋ (ನೆನಪಿಗೆ ಅಂತ ಮಾರೋ, ಒಂದು ಮರದ ಎಲೆಯ ಸಾರ) ಬೇಡ. ಎಕೋಸ್ಪ್ರಿನ್ ಥರ ರಕ್ತ ತೆಳು ಮಾಡೋ ಮಾತ್ರೆ ಜೊತೆ ಅದು ಸೇರಿದ್ರೆ ಬ್ಲೀಡಿಂಗ್ ರಿಸ್ಕ್ ಇದೆ, ಸ್ಟೆಂಟ್ ಇರೋರಿಗೆ ಎಕೋಸ್ಪ್ರಿನ್ ಬಿಡ್ಸೋಕಂತೂ ಆಗಲ್ಲ.

ನಾನು ಮೆಡಿಕಲ್ ಶಾಪ್ ಕೌಂಟರಲ್ಲಿ ಕೂರೋನು, ಎರಡೂ ಮಾರ್ತೀನಿ, ಗಿಂಕ್ಗೋ ಡಬ್ಬಿಲಿ ಮಾರ್ಜಿನ್ನೂ ಚೆನ್ನಾಗಿದೆ, ಆದ್ರೂ ಹೇಳ್ತೀನಿ ಕೇಳಿ. ಅಮೆರಿಕದಲ್ಲಿ 75 ದಾಟಿದ 3,069 ಜನಕ್ಕೆ, ಅರ್ಧ ಮಂದಿಗೆ ಗಿಂಕ್ಗೋ 120 ಮಿಲಿಗ್ರಾಂ ದಿನಕ್ಕೆರಡು ಸಲ, ಉಳಿದೋರಿಗೆ ಡಮ್ಮಿ ಮಾತ್ರೆ ಅಂತ ಹೆಚ್ಚೂಕಮ್ಮಿ 6 ವರ್ಷ ಕೊಟ್ಟು ನೋಡಿದ್ರು, 2008ರಲ್ಲಿ ರಿಸಲ್ಟ್ ಬಂತು, ಡಿಮೆನ್ಷಿಯಾ (ಮರೆವಿನ ಕಾಯಿಲೆ) ಬರೋದೇನೂ ಕಮ್ಮಿ ಆಗ್ಲಿಲ್ಲ.

ಬ್ರಾಹ್ಮಿದು ಸ್ವಲ್ಪ ಬೇರೆ ಕಥೆ. ಟ್ರಯಲ್‌ಗಳೆಲ್ಲ ಚಿಕ್ಕವು, ಸಾಮಾನ್ಯವಾಗಿ 300 ಮಿಲಿಗ್ರಾಂ ಎಕ್ಸ್‌ಟ್ರಾಕ್ಟು 12 ವಾರ, ಕೆಲವದ್ರಲ್ಲಿ ಓದಿದ್ದನ್ನ ಆಮೇಲೆ ನೆನಪು ಮಾಡ್ಕೊಳೋದು ಒಂಚೂರು ಸುಧಾರಿಸಿದೆ ಅಷ್ಟೇ, ಡಿಮೆನ್ಷಿಯಾ ತಡೆಯತ್ತೆ ಅಂತ ಯಾರೂ ತೋರ್ಸಿಲ್ಲ. ವಾರದಲ್ಲಿ ಏನೂ ಗೊತ್ತಾಗಲ್ಲ, ಖಾಲಿ ಹೊಟ್ಟೇಲಿ ತಗೊಂಡ್ರೆ ವಾಕರಿಕೆ, ಲೂಸ್ ಮೋಷನ್ ಗ್ಯಾರಂಟಿ ಅನ್ನೋ ಥರ ಬಂದು ಕಂಪ್ಲೇಂಟ್ ಮಾಡ್ತಾರೆ, ಊಟ ಆದ್ಮೇಲೆ ಕೊಡಿ. ಡಬ್ಬಿ ಹಿಂದೆ ತಿರುಗ್ಸಿ ಬ್ಯಾಕೋಪಾ ಮೊನ್ನಿಯೇರಿ ಅಂತ ಇದ್ಯಾ ನೋಡಿ, ಸೆಂಟೆಲ್ಲಾ ಅಂತಿದ್ರೆ ಅದು ನಾವು ತಂಬುಳಿ ಮಾಡೋ ಒಂದೆಲಗ, ಗಿಡಾನೇ ಬೇರೆ. ಪಲ್ಸ್ ಕಮ್ಮಿ ಇದ್ರೆ ಅಥವಾ ಹಾರ್ಟ್‌ಗೆ ಬೇರೆ ಮಾತ್ರೆ ಇದ್ರೆ ಅವರ ಕಾರ್ಡಿಯಾಲಜಿಸ್ಟ್ ಕೇಳ್ದೆ ಇದನ್ನೂ ಶುರು ಮಾಡ್ಬೇಡಿ.

ಆದ್ರೆ ನಿಮ್ಮ ಪ್ರಶ್ನೇಲಿ ನಂಗೆ ಕಣ್ಣಿಗೆ ಬಿದ್ದಿದ್ದು ಮೆಟ್‌ಫಾರ್ಮಿನ್. ವರ್ಷಗಟ್ಲೆ ತಗೊಂಡ್ರೆ ಬಿ12 ವಿಟಮಿನ್ ಇಳೀಬಹುದು, ಅದ್ರಲ್ಲೂ ಸಸ್ಯಾಹಾರಿ ಆದ್ರೆ ಇನ್ನೂ ಬೇಗ, ಬಿ12 ಕಮ್ಮಿ ಆದ್ರೆ ಮರೆವು, ಕೈಕಾಲು ಜೋಮು, ಸುಸ್ತು ಎಲ್ಲ ಬರತ್ತೆ. ಇಂಥದ್ದನ್ನ ಬೇಗ ಹಿಡಿದ್ರೆ ಸರಿ ಮಾಡ್ಬಹುದು ಸಾರ್. ಎರಡು ಡಬ್ಬಿ ಕೊಳ್ಳೋ ದುಡ್ಡಲ್ಲಿ ಮೊದ್ಲು ಬಿ12, ಥೈರಾಯ್ಡ್ ಟೆಸ್ಟ್ ಮಾಡ್ಸಿ. ನಿದ್ದೆ ಮಾತ್ರೆ, ಶೀತಕ್ಕೆ ಅಂತ ಹಳೇ ಕಾಲದ ಅಲರ್ಜಿ ಮಾತ್ರೆ ಏನಾದ್ರೂ ದಿನಾ ನುಂಗ್ತಿದಾರಾ ಅಂತಾನೂ ನೋಡಿ, ವಯಸ್ಸಾದೋರಿಗೆ ಅವುಗಳಿಂದ್ಲೂ ತಲೆ ಮಂಕಾಗತ್ತೆ.

ಗೊತ್ತಿರೋ ರಸ್ತೇಲೇ ದಾರಿ ತಪ್ಪೋದು, ಹತ್ತು ನಿಮಿಷಕ್ಕೊಂದ್ಸಲ ಅದೇ ಪ್ರಶ್ನೆ ಕೇಳೋದು ಶುರುವಾಗಿದ್ರೆ ರಿಪೋರ್ಟಿಗೂ ಕಾಯ್ಬೇಡಿ, ನ್ಯೂರಾಲಜಿಸ್ಟ್ ಹತ್ರ ಕರ್ಕೊಂಡು ಹೋಗಿ, ತಗೊಳೋ ಮಾತ್ರೆ ಸ್ಟ್ರಿಪ್ಪುಗಳನ್ನೆಲ್ಲ ಒಂದು ಕವರ್‌ಗೆ ಹಾಕ್ಕೊಂಡು.